ಎರೆ ಹೊಲಕ್ಕೆ ಸವಳು ಬಂದ ಬಗೆ

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂದರ್ಭದಲ್ಲಿ ಷೇರು, ಠೇವಣಿ, ಸಾಲ ವಸೂಲಿಗಳ ಲೆಕ್ಕ ಸಂಚಿಕೆಯ ಬೇರೆ ಪುಟಗಳಲ್ಲಿ ಬಂದಿದೆ. ಆ ಸಾಲಕ್ಕೆಲ್ಲ ಆಧಾರವಾಗಿ ನಿಂತ ನೆಲದ ಚರಿತ್ರೆಯನ್ನು ನಾಲ್ಕು ಮಾತಿನಲ್ಲಿ ಇಲ್ಲಿ ಬರೆಯುತ್ತಿದ್ದೇವೆ. ಗಂಗಾವತಿಯಿಂದ ಸಿಂಧನೂರಿನವರೆಗೆ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಹೊಲ ಇದ್ದವರಿಗೆ ಸವಳು ಅಂದ್ರ ಏನು ಅಂತ ಹೇಳಿಕೊಡಬೇಕಾಗಿಲ್ಲ. ಬೇಸಿಗೆಯಲ್ಲಿ ಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗಾದ ಗದ್ದೆಗಳನ್ನು ಎಲ್ಲರೂ ನೋಡಿದ್ದೇವೆ. ಅದು ನೀರಿನಿಂದ ಬಂತು ಅನ್ನುವುದು ಅರ್ಧ ಮಾತು. ಹೊಲ ಯಾರದು, ಮಾಡುವವರು ಯಾರು, ಯಾವ ಬೆಳೆಗೆ ಸಾಲ, ತಾಟಿನಲ್ಲಿ ಏನು ಊಟ, ಇವೆಲ್ಲ ಕೂಡಿಯೇ ಅದು ಬಂದದ್ದು.

ಕಾಲುವೆಗೆ ಮುಂಚೆ ಇದು ಮಳೆ ನಂಬಿದ ಎರೆ ಸೀಮೆ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ, ಅದೂ ಬಂದ ವರ್ಷ ಬಂತು. ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ, ಜೊತೆಗೆ ಹತ್ತಿ. ಎರೆ ಮಣ್ಣು ಕುಡಿದಿಟ್ಟ ತೇವದಲ್ಲೇ ಜೋಳ ತೆನೆ ಕಟ್ಟುತ್ತಿತ್ತು. ಬೆಳೆ ತೆಗೆದ ಮೇಲೆ ಕುರುಬರನ್ನು ಕರೆದು ಕುರಿ ಹಿಂಡನ್ನು ರಾತ್ರಿ ಹೊಲದಲ್ಲಿ ತಂಗಿಸಿ, ಕಾಳು ಕೊಟ್ಟು ಕಳಿಸುತ್ತಿದ್ದರು. ಎಳ್ಳಮಾಸಿಗೆ ಚರಗ ಚೆಲ್ಲದ ಮನೆ ಇರಲಿಲ್ಲ. ಹಾಗಂತ ಅದೇನು ಸುವರ್ಣಯುಗವಲ್ಲ. ಬರ ಬಿದ್ದರೆ ಊರಿಗೆ ಊರೇ ಗುಳೆ ಹೋಗುತ್ತಿತ್ತು. ಭತ್ತ ನಮ್ಮ ಸೀಮೆಗೆ ಹೊಸದೂ ಅಲ್ಲ. ಆನೆಗೊಂದಿ, ಹಂಪಿ ಕಡೆ ವಿಜಯನಗರದ ಅರಸರು ತೆಗೆಸಿದ ಕಾಲುವೆಗಳ ಕೆಳಗೆ ಶತಮಾನಗಳಿಂದ ಭತ್ತ ಇದೆ. ಆದರೆ ಅದು ನದಿ ಪಕ್ಕದ ಕಿರಿದಾದ ಪಟ್ಟಿ ಮಾತ್ರ.

1945ರ ಫೆಬ್ರವರಿಯಲ್ಲಿ ಹೈದರಾಬಾದ್ ಮತ್ತು ಮದ್ರಾಸ್ ಸರ್ಕಾರಗಳು ಕೂಡಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದವು. ನಮ್ಮ ದಂಡೆ ಆಗ ನಿಜಾಮರ ಆಳ್ವಿಕೆಯದು. 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ಎಡದಂಡೆ ಮುಖ್ಯ ಕಾಲುವೆ 227 ಕಿ.ಮೀ., ಹಳೆಯ ಲೆಕ್ಕದಲ್ಲಿ 141 ಮೈಲಿ; ನಮ್ಮವರು ಈಗಲೂ ಮೈಲಿನ ಲೆಕ್ಕದಲ್ಲೇ ಮಾತಾಡುತ್ತಾರೆ. ಅದರ ಕೆಳಗೆ ಸುಮಾರು 6 ಲಕ್ಷ ಎಕರೆ. ಯೋಜನೆ ಮಾಡಿದವರ ಮನಸ್ಸಿನಲ್ಲಿದ್ದುದು ಬರ ತಡೆಯುವುದು, ಭತ್ತದ ಕಣಜ ಕಟ್ಟುವುದಲ್ಲ. ನೀರನ್ನು ತೆಳ್ಳಗೆ, ದೂರದವರೆಗೆ ಹರಡಬೇಕು. ಜೋಳ, ಹತ್ತಿ, ಶೇಂಗಾಕ್ಕೆ ಒಂದೆರಡು ನೀರು ಸಾಕು ಎಂಬ ಲೆಕ್ಕ. ಯಾವ ಸರ್ವೆ ನಂಬರಿಗೆ ಯಾವ ಬೆಳೆ ಎಂದು ಸರ್ಕಾರ ಗೊತ್ತುಮಾಡಿತು. ಭತ್ತ, ಕಬ್ಬಿಗೆ ಸಣ್ಣ ಪಾಲು. ಮಿಕ್ಕದ್ದೆಲ್ಲ ಮಿತ ನೀರಾವರಿ.

ಕಾಗದದ ಮೇಲಿನ ಈ ಲೆಕ್ಕ ಹೊಲದಲ್ಲಿ ನಿಲ್ಲಲಿಲ್ಲ. ನೀರು ಬಂತು, ಆದರೆ ನೀರು ಕಟ್ಟುವ ರೂಢಿ ನಮ್ಮವರಿಗೆ ಇರಲಿಲ್ಲ. ಏರುತಗ್ಗಿನ ಎರೆ ಹೊಲವನ್ನು ಸಮ ಮಾಡಲು ದುಡ್ಡೂ ಬೇಕು, ಆಳೂ ಬೇಕು. ಸಾಲ ಇದ್ದವರು, ಹೊಲ ಹೆಚ್ಚಿದ್ದವರು ಮಾರತೊಡಗಿದರು. ಕೃಷ್ಣಾ, ಗೋದಾವರಿ ಮುಖದ ಕಡೆಯಿಂದ ಬಂದ ತೆಲುಗು ರೈತರು ಕೊಂಡರು. ತಮ್ಮ ಕಡೆಯ ಒಂದು ಎಕರೆ ಮಾರಿದ ದುಡ್ಡಿಗೆ ಇಲ್ಲಿ ಹಲವು ಎಕರೆ ಸಿಗುತ್ತಿತ್ತು. ಕಾಲುವೆ ಉದ್ದಕ್ಕೂ ಕ್ಯಾಂಪುಗಳು ಎದ್ದವು. ಅವರು ದುಡಿದದ್ದು ಸುಳ್ಳಲ್ಲ. ಹೊಲ ಸಮ ಮಾಡಿ, ಬದು ಕಟ್ಟಿ, ತಮಗೆ ಗೊತ್ತಿದ್ದ ಭತ್ತ ನಾಟಿ ಮಾಡಿದರು. ಅವರನ್ನು ನೋಡಿ ನಮ್ಮವರೂ ಕಲಿತರು, ಅಕ್ಕಿ ಗಿರಣಿಗಳು ಬಂದವು, ಗಂಗಾವತಿ ಅಕ್ಕಿಗೆ ಹೆಸರು ಬಂತು. ಕ್ಯಾಂಪಿನವರಿಂದಲೇ ನೆಲ ಕೆಟ್ಟಿತು ಎಂದು ಕೆಲವರು ಹೇಳುವುದನ್ನು ನಾವು ಒಪ್ಪುವುದಿಲ್ಲ. ಅಕ್ರಮ ಭತ್ತ ಅಂತ ದಂಡ ಹಾಕುವ ಇಲಾಖೆಯೂ ಸರ್ಕಾರದ್ದೇ, ಬೆಂಬಲ ಬೆಲೆಗೆ ಅದೇ ಭತ್ತ ಕೊಳ್ಳುವುದೂ ಸರ್ಕಾರವೇ.

ಎರೆ ಮಣ್ಣಿನಲ್ಲಿ ನೀರು ಬಸಿಯುವುದು ಬಲು ನಿಧಾನ. ತಿಂಗಳುಗಟ್ಟಲೆ ಗದ್ದೆಯಲ್ಲಿ ನೀರು ನಿಂತರೆ ಅಂತರ್ಜಲ ಮೇಲೇರುತ್ತ ಬಂದು ಬೇರಿನ ಹತ್ತಿರ ನಿಲ್ಲುತ್ತದೆ. ಮಳೆ ಕಡಿಮೆ ಇರುವ ಸೀಮೆಯ ಮಣ್ಣಿನ ಆಳದಲ್ಲಿ ಉಪ್ಪು ಮೊದಲಿಂದಲೂ ಇದ್ದೇ ಇದೆ. ಆ ಉಪ್ಪು ಕರಗಿ, ದೀಪದ ಬತ್ತಿ ಎಣ್ಣೆ ಎಳೆದಂತೆ ನೀರಿನ ಜೊತೆ ಮೇಲೆ ಬರುತ್ತದೆ. ಬಿಸಿಲಿಗೆ ನೀರು ಹೋಗಿ ಉಪ್ಪು ಉಳಿಯುತ್ತದೆ. ಮೊದಲು ಕೆಡುವುದು ಹಳ್ಳದ ದಂಡೆಯ, ತಗ್ಗಿನ ಹೊಲ. ಮೇಲಿನ ಹೊಲದವನ ನೀರು ಕೆಳಗಿನವನ ಉಪ್ಪು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಹೀಗೆ ಸವಳು-ಜವಳಿಗೆ ತುತ್ತಾದ ನೆಲ ಸುಮಾರು 96 ಸಾವಿರ ಹೆಕ್ಟೇರ್ ಎಂದು ಕೃಷಿ ವಿಜ್ಞಾನಿಗಳ ಬರಹಗಳಲ್ಲಿ ಬರುತ್ತದೆ.

ಇನ್ನು ಲೀಜಿನ ವಿಚಾರ. 1974ರ ಭೂ ಸುಧಾರಣೆ ತಿದ್ದುಪಡಿಯಿಂದ ಗೇಣಿದಾರರಿಗೆ ಹೊಲ ಸಿಕ್ಕಿತು, ಒಳ್ಳೆಯದೇ ಆಯಿತು. ಆಮೇಲೆ ಗೇಣಿ ಕಾನೂನಿನಲ್ಲಿ ಇಲ್ಲ, ಊರಲ್ಲಿ ಇದೆ. ಎಲ್ಲ ಬಾಯಿಮಾತಿನ ಲೀಜು, ಒಂದು ವರ್ಷದ ಮಾತು. ಪಹಣಿಯಲ್ಲಿ ಹೆಸರಿಲ್ಲದವನಿಗೆ ಸೊಸೈಟಿ ಸಾಲ ಇಲ್ಲ. ಅವನು ಕಮಿಷನ್ ಅಂಗಡಿಯಲ್ಲಿ ಸಾಲ ಎತ್ತಿ, ಅಲ್ಲೇ ಗೊಬ್ಬರ ಔಷಧ ತಂದು, ಅಲ್ಲಿಗೇ ಭತ್ತ ಹಾಕಬೇಕು. ಮುಂದಿನ ವರ್ಷ ತನ್ನ ಕೈಯಲ್ಲಿ ಇರುತ್ತದೋ ಇಲ್ಲವೋ ಗೊತ್ತಿಲ್ಲದ ಹೊಲಕ್ಕೆ ತಿಪ್ಪೆ ಗೊಬ್ಬರ ಯಾರು ಹೊಡೆಸುತ್ತಾರೆ? ಚೌಗಚೆ ಬಿತ್ತಿ ಮಣ್ಣಿಗೆ ಸೇರಿಸುವವರು ಯಾರು?

1992ರಲ್ಲಿ ರಂಜಕ, ಪೊಟ್ಯಾಷ್ ಗೊಬ್ಬರಗಳ ಬೆಲೆ ನಿಯಂತ್ರಣ ತೆಗೆದರು, ಯೂರಿಯಾ ಮಾತ್ರ ಅಗ್ಗವಾಗಿ ಉಳಿಯಿತು. ಇವತ್ತಿಗೂ 45 ಕೆ.ಜಿ. ಯೂರಿಯಾ ಚೀಲ 270 ರೂಪಾಯಿಯ ಒಳಗೆ, 50 ಕೆ.ಜಿ. ಡಿಎಪಿ 1350. ರೈತನ ಕೈ ಯಾವ ಚೀಲಕ್ಕೆ ಹೋಗುತ್ತದೆ ಎಂಬುದಕ್ಕೆ ಸಂಶೋಧನೆ ಬೇಕಾಗಿಲ್ಲ. 2015ರಿಂದ ಮಣ್ಣು ಆರೋಗ್ಯ ಚೀಟಿ ಬಂತು. ಚೀಟಿಯಲ್ಲಿ ಬರೆದದ್ದು ಒಂದು, ಜೇಬಿಗೆ ಹೊಂದುವುದು ಇನ್ನೊಂದು.

ಮನೆಯ ಊಟವೂ ಬದಲಾಯಿತು. ಹಬ್ಬಕ್ಕೆ ಮಾತ್ರ ಅನ್ನ ಇದ್ದ ಮನೆಗಳಲ್ಲಿ ರೊಟ್ಟಿ ತಟ್ಟುವುದು ಕಡಿಮೆಯಾಯಿತು. ಅನ್ನ ಉಣ್ಣುವುದು ದೊಡ್ಡಸ್ತಿಕೆ ಆಯಿತು. ಜೋಳ ಹೋದ ಕೂಡಲೇ ಸೊಪ್ಪೆ ಹೋಯಿತು, ಸೊಪ್ಪೆ ಹೋದಮೇಲೆ ಎತ್ತು ಹೋದವು, ಎತ್ತಿನ ಹಿಂದೆ ತಿಪ್ಪೆಯೂ ಹೋಯಿತು. ಈಗ ಯಂತ್ರ ಕೊಯ್ದು ಬಿಟ್ಟ ಭತ್ತದ ಹುಲ್ಲಿಗೆ ಗದ್ದೆಯಲ್ಲೇ ಬೆಂಕಿ.

ಇತ್ತ ಮಾನ್ವಿ, ರಾಯಚೂರು ಕಡೆಯ ಕೊನೆ ಭಾಗದ ರೈತರು 104ನೇ ಮೈಲಿನಲ್ಲಿ ಗೇಜ್ ಕಾಯ್ದುಕೊಳ್ಳಿ ಎಂದು ರಸ್ತೆಗಿಳಿಯುತ್ತಾರೆ. ಇಲ್ಲಿ ನೀರು ಹೆಚ್ಚಾಗಿ ನೆಲ ಕೆಡುತ್ತದೆ, ಅಲ್ಲಿ ನೀರಿಲ್ಲದೆ ಬೆಳೆ ಒಣಗುತ್ತದೆ. ಅಣೆಕಟ್ಟಿನಲ್ಲೂ ಮಣ್ಣಿನದೇ ಕಥೆ: 133 ಟಿಎಂಸಿ ಹಿಡಿಯುತ್ತಿದ್ದದ್ದು ಹೂಳು ತುಂಬಿ ಸುಮಾರು 105ಕ್ಕೆ ಬಂದಿದೆ. ಮೇಲಿನ ಜಿಲ್ಲೆಗಳ ಹೊಲ, ಗುಡ್ಡಗಳಿಂದ ತೊಳೆದು ಬಂದ ಮಣ್ಣು ಅದು.

ಮದ್ದು ಇಲ್ಲದೆ ಇಲ್ಲ. ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದವರು ನೆಲದೊಳಗೆ ತೂತಿನ ಪೈಪು ಹೂಳಿ ಉಪ್ಪು ನೀರು ಬಸಿಯುವುದನ್ನು ಮಾಡಿ ತೋರಿಸಿದ್ದಾರೆ. ಕರ್ಲು ಮಣ್ಣಿಗೆ ಜಿಪ್ಸಂ ಉಂಟು. ಬರೀ ಸವಳಿಗೆ ಜಿಪ್ಸಂ ಹಾಕಿ ದುಡ್ಡು ಕಳೆಯಬಾರದು, ಮೊದಲು ಮಣ್ಣು ಪರೀಕ್ಷೆ ಆಗಬೇಕು. ಆದರೆ ಪೈಪಿನ ನೀರು ಬಸಿಗಾಲುವೆಗೆ ಬೀಳಬೇಕು, ಬಸಿಗಾಲುವೆ ಹಳ್ಳ ಸೇರಬೇಕು. ನಮ್ಮ ಬಸಿಗಾಲುವೆಗಳಲ್ಲಿ ಆಪು ಬೆಳೆದು ನಿಂತಿದೆ, ಕೆಲವು ಕಡೆ ಒತ್ತಿ ಗದ್ದೆ ಮಾಡಿಕೊಂಡಿದ್ದಾರೆ. ಮೇಲಿನ ಹೊಲದವರನ್ನು ಕೇಳಿದರೆ, "ನಮ್ಮ ಹೊಲ ಚಲೋ ಐತಲ್ರಿ, ನಾವ್ಯಾಕ ರೊಕ್ಕ ಹಾಕಬೇಕು?" ಅಂತಾರೆ. ಒಬ್ಬೊಬ್ಬರ ಪಹಣಿ ನೋಡಿ ಕೊಡುವ ಸಾಲದಲ್ಲಿ ಹತ್ತಾರು ಹೊಲ ದಾಟುವ ಬಸಿಗಾಲುವೆಗೆ ಜಾಗ ಇಲ್ಲ. ಹಳ್ಳದವರೆಗಿನ ಬಸಿಗಾಲುವೆಯನ್ನು ಎಕರೆವಾರು ವಂತಿಗೆ ಹಾಕಿ ತೆಗೆಸುವ ವಿಷಯವನ್ನು ಈ ವರ್ಷದ ಸರ್ವಸದಸ್ಯರ ಸಭೆಯ ಮುಂದೆ ಇಡುತ್ತಿದ್ದೇವೆ. ಮೇಲಿನ ಹೊಲದ ಸದಸ್ಯರೂ ತಪ್ಪದೆ ಬರಬೇಕು.