ಗಣಿನಾಡಿನ ಉಡುಪಿನ ಚಿತ್ರ

ಸೀರೆಗೆ ಚಿತ್ರದ ಹಂಗಿಲ್ಲ. ಮಗ್ಗದಿಂದಿಳಿದ ಬಟ್ಟೆಯು ಕತ್ತರಿಯನ್ನು ಕಾಣದೆಯೇ ಉಡುವವಳ ಕೈಯಲ್ಲಿ ರೂಪವನ್ನು ತಳೆಯುವುದು. ಹೊಲಿದು ತೊಡುವ ಗೌನಿನ ರೀತಿಯೇ ಬೇರೆ. ತಪ್ಪಿ ಕತ್ತರಿಸಿದ ಬಟ್ಟೆಯು ಮರಳಿ ಕೂಡದಾದುದರಿಂದ ಅದರ ಆಕಾರವನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಗೌನು ತೊಟ್ಟ ಹೆಂಗಸಿನ ರೇಖಾಚಿತ್ರವು ದರ್ಜಿಗೆ ಒದಗುವುದು ಇಲ್ಲಿಯೇ.

ಈ ಎರಡು ಬಗೆಯ ಉಡುಪುಗಳೂ ಕೋಲಾರದ ಚಿನ್ನದ ಗಣಿಗಳಲ್ಲಿ ನೆರೆಹೊರೆಯಾದುವು. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಅಲ್ಲಿ ಕೆಲಸವನ್ನು ಕೈಕೊಂಡ ಮೇಲೆ ತಮಿಳು ತೆಲುಗು ಸೀಮೆಗಳ ಕೂಲಿಕಾರರೂ, ಆಂಗ್ಲರೂ, ಆಂಗ್ಲೋ-ಇಂಡಿಯನ್ ಕುಟುಂಬಗಳೂ ಬಂದು ನೆಲಸಿದರು. ಕಮಿಷನರ್ ಲೂಯಿನ್ ಬೌರಿಂಗನ ಹೆಸರನ್ನು ಹೊತ್ತಿದ್ದ ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, 1894ರಲ್ಲಿ ಮಾರಿಕುಪ್ಪಕ್ಕೆ ರೈಲು ಹರಿಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗಳನ್ನು ಮುಟ್ಟಿತು.

ಉಡುಪಿನ ಚಿತ್ರದಲ್ಲಿ ವರ್ಷವು ಬರೆದಿಲ್ಲದಿದ್ದರೂ ರೇಖೆಗಳೇ ಕಾಲವನ್ನು ಸೂಚಿಸುವುವು. ಮನುಷ್ಯನ ಎತ್ತರವು ಸುಮಾರು ಏಳೂವರೆ ತಲೆಗಳಷ್ಟು. ಇಂತಹ ಚಿತ್ರಗಳಲ್ಲಿ ಅದು ಒಂಬತ್ತಕ್ಕೆ ಏರುವುದುಂಟು. ಆದುದರಿಂದ ಮೈಯ ಅಳತೆಯನ್ನು ಬಿಟ್ಟು ಬಟ್ಟೆಯ ಅಳತೆಯನ್ನು ನೋಡಬೇಕು. ಚೌಕವಾದ ಹೆಗಲು, ಮೊಳಕಾಲಿಗಿಳಿದ ಕಿರಿದಾದ ಲಂಗ, ಇವು ಯುದ್ಧಕಾಲದ ಗುರುತುಗಳು. ಇಂಗ್ಲೆಂಡಿನಲ್ಲಿ 1941ರಿಂದ 1949ರವರೆಗೆ ಉಡುಪಿಗೆ ಪಡಿತರವಿತ್ತು. ಹಿಂದೂದೇಶದಲ್ಲಿಯೂ 1943ರಲ್ಲಿ ಬಟ್ಟೆಯ ಮೇಲೆ ಹತೋಟಿಯುಂಟಾಯಿತು. ಸಣ್ಣ ನಡು, ಇಳಿದ ಹೆಗಲು, ಮೀನಖಂಡವನ್ನು ಮುಚ್ಚುವ ವಿಸ್ತಾರವಾದ ನೆರಿಗೆ ಕಂಡರೆ, ಅದು 1947ರ ಫೆಬ್ರವರಿ 12ರಂದು ಪ್ಯಾರಿಸಿನಲ್ಲಿ ಕ್ರಿಸ್ತಿಯಾನ್ ದಿಯೋರನು ತೋರಿಸಿದ ಮಾದರಿಯ ನೆರಳು. ಅವನಿಗೆ ಬಂಡವಾಳವನ್ನೊದಗಿಸಿದ ಮಾರ್ಸೆಲ್ ಬೂಸಾಕನು ಹತ್ತಿಬಟ್ಟೆಯ ದೊಡ್ಡ ಉದ್ಯಮಿ. ಲಂಗವು ಹಿಗ್ಗಿದಷ್ಟೂ ಬಟ್ಟೆಗೆ ಗಿರಾಕಿ!

ಅದೇ 1947ರಲ್ಲಿ ದೇಶವು ಸ್ವತಂತ್ರವಾಯಿತು. ಮುಂದಿನ ವರ್ಷಗಳಲ್ಲಿ ಅನೇಕ ಆಂಗ್ಲೋ-ಇಂಡಿಯನ್ ಕುಟುಂಬಗಳು ಇಂಗ್ಲೆಂಡಿಗೂ ಆಸ್ಟ್ರೇಲಿಯಕ್ಕೂ ಹೊರಟುಹೋದುವು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶವಾದುವು. 2001ರ ಫೆಬ್ರವರಿ 28ರಂದು ಮುಚ್ಚಿದುವು.

ಅಲ್ಲಿ ತೆಗೆದ ಸುಮಾರು 800 ಟನ್ ಚಿನ್ನಕ್ಕೆ ಲೆಕ್ಕವುಂಟು. ಆ ಚಿನ್ನದ ನೆಲದ ಮೇಲೆ ಸಂಸಾರ ಮಾಡಿದ ಹೆಂಗಸರು ಏನನ್ನು ತೊಟ್ಟರು, ಏನನ್ನು ಬಯಸಿದರು ಎಂಬುದಕ್ಕೆ ಯಾವ ಲೆಕ್ಕದ ಪುಸ್ತಕವೂ ಸಾಕ್ಷಿಯಲ್ಲ. ಹಳೆಯ ಪೆಟ್ಟಿಗೆಯ ತಳದಲ್ಲಿ ಅಂತಹ ಒಂದು ಚಿತ್ರವು ದೊರೆತರೆ, ಅದರ ಬೆನ್ನ ಮೇಲೆ ಮನೆಯವರ ಹೆಸರನ್ನೂ ಊರನ್ನೂ ಬರೆದಿಡುವುದು ಲೇಸು. ಕಾಲವನ್ನು ನೆರಿಗೆಯೇ ಹೇಳಬಲ್ಲುದು. ತೊಟ್ಟವಳು ಯಾರೆಂಬುದನ್ನು ಅದು ಹೇಳಲಾರದು.