ಪೆರ್ಲ: ನೆಲದ ಏರಿಳಿತ, ಮಳೆ ಮತ್ತು ಜನಜೀವನ

ಪೆರ್ಲ ಕೇರಳದ ಕಾಸರಗೋಡು ಜಿಲ್ಲೆ ಮಂಜೇಶ್ವರ ತಾಲೂಕಿನ ಎಣ್ಮಕಜೆ ಗ್ರಾಮ ಪಂಚಾಯತಿನ ಕೇಂದ್ರ ಪೇಟೆ. ಚೆರ್ಕಳದಿಂದ ಬದಿಯಡ್ಕ, ಅಡ್ಕಸ್ಥಳದ ದಾರಿಯಾಗಿ ಕಲ್ಲಡ್ಕಕ್ಕೆ ಹೋಗುವ ಅಂತಾರಾಜ್ಯ ರಸ್ತೆ ಈ ಪೇಟೆಯನ್ನು ಹಾದುಹೋಗುತ್ತದೆ. ಗಡಿಯಾಚೆ ದಕ್ಷಿಣ ಕನ್ನಡದ ಪುತ್ತೂರು, ಬಂಟ್ವಾಳ ತಾಲೂಕುಗಳು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವವರೆಗೆ ಈ ಪ್ರದೇಶವೂ ದಕ್ಷಿಣ ಕನ್ನಡ ಜಿಲ್ಲೆಯದೇ ಆಗಿತ್ತು. ಹವ್ಯಕ ಕನ್ನಡ, ತುಳು, ಮಲಯಾಳ, ಕರಾಡ, ಮರಾಟಿ ಭಾಷೆಗಳು ಇಲ್ಲಿ ಒಂದೇ ಸಂತೆಯಲ್ಲಿ ಕೇಳಿಸುತ್ತವೆ. ಈ ಲೇಖನ ಪೆರ್ಲ ಪೇಟೆಗೆ ಸೀಮಿತವಲ್ಲ. ಪಡ್ರೆ, ಶೇಣಿ, ಕಾಟುಕುಕ್ಕೆ, ಬಜಕೂಡ್ಲು, ನೆರೆಯ ಏತಡ್ಕಗಳನ್ನು ಒಳಗೊಂಡ ಗುಡ್ಡಗಾಡನ್ನು ಒಂದು ಘಟಕವಾಗಿ ಪರಿಗಣಿಸಿದೆ. ಈ ಸೀಮೆಯ ಬದುಕನ್ನು ರೂಪಿಸಿದ್ದು ಎಷ್ಟು ಮಳೆ ಬರುತ್ತದೆ ಎಂಬುದಕ್ಕಿಂತ ಹೆಚ್ಚಾಗಿ, ಬಿದ್ದ ಮಳೆ ಗುಡ್ಡದ ತಲೆಯಿಂದ ತೋಡಿಗೆ, ಅಂದರೆ ಹಳ್ಳಕ್ಕೆ, ಯಾವ ದಾರಿಯಲ್ಲಿ, ಎಷ್ಟು ಬೇಗ ಇಳಿಯುತ್ತದೆ ಎಂಬುದು.

ನೆಲ ಮತ್ತು ಹವೆ

ಕರಾವಳಿಯ ಮರಳು ಪಟ್ಟಿ ಮುಗಿದು ಪಶ್ಚಿಮ ಘಟ್ಟ ಶುರುವಾಗುವ ಮೊದಲು ಸಿಗುವ ಮಧ್ಯದ ಮೆಟ್ಟಿಲು ಇದು. ಗುಡ್ಡಗಳ ನೆತ್ತಿ ಹೆಚ್ಚಾಗಿ ಚಪ್ಪಟೆ. ಮುರಕಲ್ಲಿನ ಗಟ್ಟಿ ಹೊದಿಕೆ ಮಣ್ಣಿಲ್ಲದೆ ಬತ್ತಲೆಯಾಗಿ ಹರಡಿರುತ್ತದೆ. ಇದಕ್ಕೆ ಪದವು ಎಂಬ ಹೆಸರಿದೆ. ಬಂಡೆಯೇ ಎದ್ದು ಕಾಣುವ ಕಡೆ ಪಾರೆ ಅಥವಾ ಪಾದೆ ಎನ್ನುತ್ತಾರೆ. ಪೈವಳಿಕೆಯ ಕಡೆ ಕಾಣುವ ಪೊಸಡಿ ಗುಂಪೆ ಈ ಸೀಮೆಯ ಎತ್ತರದ ಗುರುತು, ಸಮುದ್ರಮಟ್ಟದಿಂದ ಸುಮಾರು 1060 ಅಡಿ. ಪದವಿನ ಅಂಚಿನಿಂದ ನೆಲ ಕಡಿದಾಗಿ ಇಳಿದು ಇಕ್ಕಟ್ಟಾದ ಕಣಿವೆಯಲ್ಲಿ ತೋಡನ್ನು ಸೇರುತ್ತದೆ. ತೋಡುಗಳ ನೀರಿನ ಬಹುಪಾಲು ಶಿರಿಯ ಹೊಳೆಗೆ ಹೋಗುತ್ತದೆ. ಮುರಕಲ್ಲಿನ ಮೈತುಂಬ ತೂತು, ಮಳೆ ಅದರೊಳಕ್ಕೆ ಸಲೀಸಾಗಿ ಇಳಿಯುತ್ತದೆ. ಅದರ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿಮಣ್ಣಿನ ಪದರವಿದೆ. ಶೇಡಿ ನೀರನ್ನು ಹಿಡಿಯುತ್ತದೆ, ಸುಲಭವಾಗಿ ಕೆಳಗೆ ಬಿಡುವುದಿಲ್ಲ. ಈ ಎರಡು ಪದರಗಳ ಸಂದಿಯೇ ಮುಂದೆ ಹೇಳುವ ಎಲ್ಲದರ ಮೂಲ.

ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 3500 ಮಿ.ಮೀ. ಆಸುಪಾಸಿನ ಮಳೆ. ಐದರಲ್ಲಿ ನಾಲ್ಕು ಪಾಲಿಗೂ ಮಿಕ್ಕಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹನಿ ಬಿದ್ದರೆ ಅದು ಸುದ್ದಿ. ಇಷ್ಟು ಮಳೆಯ ನಾಡಿನಲ್ಲಿ ನೀರಿನ ಬರ ಹೇಗೆ ಎಂದು ಹೊರಗಿನವರು ಕೇಳುವುದು ಸಹಜ. ಇಳಿಜಾರು ಕಡಿದಾಗಿರುವುದರಿಂದ ಮೇಲ್ಮೈ ನೀರು ಕೆಲವೇ ಗಂಟೆಗಳಲ್ಲಿ ತೋಡು ಸೇರುತ್ತದೆ. ಇಂಗಿದ ನೀರೂ ಶೇಡಿಯ ಮೇಲೆ ಜಾರಿ ಗುಡ್ಡದ ಬದಿಯಲ್ಲಿ ಒಸರಿ ಮಳೆಗಾಲ ಮುಗಿದ ಮೂರ್ನಾಲ್ಕು ತಿಂಗಳೊಳಗೆ ಬಹುಮಟ್ಟಿಗೆ ಖಾಲಿಯಾಗುತ್ತದೆ. ಗುಡ್ಡ ನೀರು ಕುಡಿಯುತ್ತದೆ, ಉಳಿಸಿಕೊಳ್ಳುವುದಿಲ್ಲ.

ಸುರಂಗ

ಈ ಗುಡ್ಡಗಾಡಿನ ಜನ ಕಂಡುಕೊಂಡ ಉತ್ತರಗಳಲ್ಲಿ ಅತಿ ವಿಶಿಷ್ಟವಾದದ್ದು ಸುರಂಗ, ಎಂದರೆ ಗುಡ್ಡದ ಬದಿಗೆ ಅಡ್ಡವಾಗಿ ಕೊರೆದ ಬಾವಿ. ಎಣ್ಮಕಜೆ, ಬಾಯಾರು, ಪೈವಳಿಕೆ, ಗಡಿಯಾಚೆಯ ಮಾಣಿಲ, ಕೇಪು ಗ್ರಾಮಗಳಲ್ಲಿ ಇವು ದಟ್ಟವಾಗಿವೆ. ಇಡೀ ಸೀಮೆಯ ಲೆಕ್ಕ ಸಾವಿರಗಳಲ್ಲಿದೆ. ಒಬ್ಬಾಳು ನೇರ ನಿಂತು ಅಥವಾ ತುಸು ಬಗ್ಗಿ ನಡೆಯುವಷ್ಟು ಎತ್ತರ, ಎರಡು ಭುಜ ತಾಗದಂತೆ ಹೋಗುವಷ್ಟೇ ಅಗಲ. ಉದ್ದ ಕೆಲವು ಮೀಟರಿನಿಂದ ಹಿಡಿದು ಸುಮಾರು 300 ಮೀಟರಿನವರೆಗೂ ಇದ್ದೀತು. ಅಗೆಯುವವರು ಅಳತೆಯನ್ನೂ ಕೂಲಿಯನ್ನೂ ಕೋಲು ಎಂಬ ಮಾನದ ಲೆಕ್ಕದಲ್ಲಿ ಹೇಳುತ್ತಾರೆ. ಕೆಲಸ ನಡೆಯುವುದು ಬೇಸಗೆಯಲ್ಲಿ. ಮಳೆಗಾಲದಲ್ಲಿ ನೆನೆದ ಗೋಡೆ ಕುಸಿಯುವ ಭಯ ಒಂದು ಕಾರಣ. ಮಳೆಗಾಲದಲ್ಲಿ ಎಲ್ಲಿ ಅಗೆದರೂ ನೀರು ಕಾಣಿಸುತ್ತದೆ, ಏಪ್ರಿಲ್‌ನಲ್ಲಿ ಕಂಡ ಒಸರನ್ನು ಮಾತ್ರ ನಂಬಬಹುದು ಎಂಬ ಅನುಭವ ಇನ್ನೊಂದು. ಮುಂದಿರುವವ ಪಿಕ್ಕಾಸಿನಿಂದ ಕಡಿಯುತ್ತಾನೆ, ಹಿಂದಿರುವವ ಮಣ್ಣು ಹೊರಗೆ ಸಾಗಿಸುತ್ತಾನೆ. ಹಚ್ಚಿಟ್ಟ ದೀಪ ಬೆಳಕಿಗೆ ಮಾತ್ರವಲ್ಲ, ಉಸಿರಿಗೂ ಸಾಕ್ಷಿ: ಜ್ವಾಲೆ ಸಣ್ಣಗಾದರೆ ಹೊರಗೆ ಬರಬೇಕು. ಸುರಂಗ ಉದ್ದವಾದಾಗ ಗಾಳಿಗಾಗಿ ಮೇಲಿನಿಂದ ಕಂಡಿ ತೆಗೆಯುವುದುಂಟು. ಮುರಕಲ್ಲು ದಾಟಿ ಶೇಡಿ ಸಿಗುವ ಹೊತ್ತಿಗೆ ಗೋಡೆ ಬೆವರತೊಡಗುತ್ತದೆ. ಅಲ್ಲಿ ಅಗೆತ ಸುಲಭ, ಆದರೆ ಅಪಾಯ ಹೆಚ್ಚು. ಶೇಡಿ ಕಳಚಿ ಬೀಳಬಲ್ಲದು. ಒಸರಿದ ನೀರಿಗೆ ಸುರಂಗದೊಳಗೇ ಮಣ್ಣಿನ ಸಣ್ಣ ಕಟ್ಟೆ ಹಾಕಿ, ಸೀಳಿ ತಿರುಳು ತೆಗೆದ ಅಡಿಕೆ ಮರದ ದಂಬೆಯ ಮೂಲಕ ಹೊರಗಿನ ಕೆರೆಗೆ ತರುತ್ತಾರೆ; ಇಂದು ದಂಬೆಯ ಜಾಗದಲ್ಲಿ ಪಿವಿಸಿ ಪೈಪಿದೆ. ಎತ್ತುವ ಶ್ರಮವಿಲ್ಲ, ವಿದ್ಯುತ್ತಿನ ಖರ್ಚಿಲ್ಲ. ಹೊರಹಾಕಿದ ಮಣ್ಣೂ ವ್ಯರ್ಥವಲ್ಲ: ಇಳಿಜಾರನ್ನು ತಟ್ಟುಗಳಾಗಿ ಸಮ ಮಾಡಲು ಅದೇ ಮಣ್ಣು ಬಳಕೆಯಾಗುತ್ತದೆ.

ಪಶ್ಚಿಮ ಏಷ್ಯಾದ ಖನಾತ್‌ಗಳನ್ನು ಹೋಲುವುದರಿಂದ ಸುರಂಗದ ವಿದ್ಯೆ ಅರಬ್ಬಿ ಸಮುದ್ರದ ವ್ಯಾಪಾರದೊಂದಿಗೆ ಬಂದಿರಬೇಕು ಎಂಬ ವಾದವಿದೆ. ಕರಾವಳಿಯ ವ್ಯಾಪಾರ ಸಂಬಂಧ ಪ್ರಾಚೀನವಾದ್ದರಿಂದ ಇದನ್ನು ತಳ್ಳಿಹಾಕುವಂತಿಲ್ಲ. ಆದರೆ ಖನಾತ್ ಒಂದು ತಾಯಿಬಾವಿಯ ನೀರನ್ನು ಸಾಲು ಕಂಡಿಗಳ ನೆರವಿನಿಂದ ಕಿಲೋಮೀಟರುಗಟ್ಟಲೆ ದೂರದ ಊರಿಗೆ ಸಾಗಿಸುವ ಸಾರ್ವಜನಿಕ ಕಾಲುವೆ. ಸುರಂಗಕ್ಕೆ ತಾಯಿಬಾವಿಯಿಲ್ಲ, ಅದು ಒಂದು ಮನೆ, ಒಂದು ತೋಟದ ಸ್ವತ್ತು. ಗುಡ್ಡದ ಬದಿಯ ಒಸರನ್ನು ಹಿಂಬಾಲಿಸಿ ತುಸು ಒಳಗೆ ಅಗೆದವನಿಗೆ ಇನ್ನಷ್ಟು ಒಳಗೆ ಅಗೆಯುವ ಯೋಚನೆ ಹೊಳೆಯಲು ಪರದೇಶದ ಗುರು ಬೇಕಿಲ್ಲ. ಆದುದರಿಂದ ಸ್ಥಳೀಯ ಹುಟ್ಟೇ ಹೆಚ್ಚು ಸಂಭವನೀಯ.

ನೆಲವೇ ಸುರಂಗಕ್ಕೆ ಕಾರಣ ಎಂಬ ಮಾತಿಗೆ ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ ಇದೆ. ಫ್ರಾನ್ಸಿಸ್ ಬುಕನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಮುರಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ಮಲಬಾರಿನ ಅಂಗಾಡಿಪ್ಪುರದ ಕಲ್ಲನ್ನು ನೋಡಿ. ಅಂದರೆ ಇದೇ ಬಗೆಯ ನೆಲ ಪಶ್ಚಿಮ ಕರಾವಳಿಯುದ್ದಕ್ಕೂ ಇದೆ, ಮಳೆಯೂ ಇದೆ. ನೆಲವೇ ಕಾರಣವಾದರೆ ಸುರಂಗ ಎಲ್ಲೆಡೆ ಇಷ್ಟೇ ದಟ್ಟವಾಗಿ ಇರಬೇಕಿತ್ತಲ್ಲ? ಆಕ್ಷೇಪ ಸರಿಯಾದುದೇ. ನೆಲ ಸಾಧ್ಯತೆಯನ್ನು ಕೊಡುತ್ತದೆ, ಅಗತ್ಯವನ್ನು ಬೆಳೆ ಕೊಡುತ್ತದೆ. ಇಲ್ಲಿ ಆ ಬೆಳೆ ಅಡಿಕೆ. ಡಿಸೆಂಬರ್‌ನಿಂದ ಮೇವರೆಗೆ ನೀರು ಕಾಣದಿದ್ದರೆ ಅಡಿಕೆ ತೋಟ ಸೊರಗುತ್ತದೆ. ಒಂದು ಬೇಸಗೆಯ ಪೆಟ್ಟು ಮುಂದಿನ ವರ್ಷಗಳ ಫಸಲಿನಲ್ಲೂ ಕಾಣುತ್ತದೆ. ನಗದು ತರುವ ಬೆಳೆ, ಕಣಿವೆಯಲ್ಲಿ ಮುಗಿದುಹೋದ ಸಮತಟ್ಟು ಜಾಗ, ಗುಡ್ಡದ ಬದಿಗೆ ಹತ್ತಿದ ಹೊಸ ತೋಟ, ಈ ಮೂರೂ ಕೂಡಿದಲ್ಲಿ ಅನಿಶ್ಚಿತ ಫಲಕ್ಕಾಗಿ ತಿಂಗಳುಗಟ್ಟಲೆ ಅಗೆಯುವುದು ಲೆಕ್ಕಕ್ಕೆ ಸರಿಹೊಂದಿತು. ಗಡಿಯಾಚೆಯ ಅಡ್ಯನಡ್ಕ ಸಮೀಪದ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು, ಹಲವು ವಿಫಲವಾದರೂ ಬಿಡದೆ ನೀರು ಕಂಡು ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನೆಲವೊಂದೇ ಎಲ್ಲವನ್ನೂ ನಿರ್ಧರಿಸುವುದಾಗಿದ್ದರೆ ಅಂಥ ಹಟಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಕಟ್ಟ

ಸುರಂಗ ಒಂದು ಮನೆಯದಾದರೆ ಕಟ್ಟ ಹಲವು ಮನೆಗಳದು. ಮಳೆ ನಿಂತು ತೋಡಿನ ಹರಿವು ಇಳಿಯುವಾಗ, ಸಾಮಾನ್ಯವಾಗಿ ನವೆಂಬರ್ ಕೊನೆಯಿಂದ, ಕಲ್ಲಿನ ಎರಡು ಸಾಲಿನ ನಡುವೆ ಮಣ್ಣು ತುಳಿದು ತೋಡಿಗೆ ಅಡ್ಡ ಕಟ್ಟುತ್ತಾರೆ. ಮುಂದಿನ ಮಳೆಗಾಲದ ನೆರೆಗೆ ಅದು ಹೋಗುತ್ತದೆ, ಹೋಗಲೂಬೇಕು. ಏತಡ್ಕದ ತೋಡಿನಲ್ಲಿ ಇಂಥ ಕಟ್ಟಗಳ ಸರಣಿಯೇ ಇದೆ: ಒಂದರ ಹಿನ್ನೀರು ಮೇಲಿನ ಕಟ್ಟದ ಬುಡದವರೆಗೆ ನಿಲ್ಲುತ್ತದೆ. ಕಟ್ಟದ ನೀರು ಕಾಲುವೆಗಿಂತ ಹೆಚ್ಚಾಗಿ ನೆಲದೊಳಗೆ ಕೆಲಸ ಮಾಡುತ್ತದೆ, ದಡದ ಬಾವಿಗಳ ಮಟ್ಟ ಏರುತ್ತದೆ. ಖರ್ಚು ಫಲಾನುಭವಿಗಳ ನಡುವೆ ಹಂಚಿಹೋಗುವುದರಿಂದ ಒಬ್ಬ ಹಿಂದೆ ಸರಿದರೂ ಕೆಲಸ ಕುಂಟುತ್ತದೆ. ಪಂಪು ಬಂದ ಮೇಲೆ ಹಲವೆಡೆ ಕಟ್ಟಗಳು ನಿಂತುಹೋದದ್ದು ಹೀಗೆ. ಇತ್ತೀಚೆಗೆ ಪಡ್ರೆಯ ಸ್ವರ್ಗ ತೋಡಿನಲ್ಲಿ ಊರವರು ಅವನ್ನು ಮತ್ತೆ ಎಬ್ಬಿಸಿದ್ದಾರೆ.

ತೋಟ, ಅಂಗಳ, ಕುಮ್ಕಿ

ಮನೆಗಳು ಬೀದಿಯ ಎರಡು ಬದಿಗೆ ಸಾಲಾಗಿ ಕೂರದೆ, ಒಂದೊಂದು ತೋಟದ ತಲೆಯಲ್ಲಿ ಒಂದೊಂದು ಎಂಬಂತೆ ಚದುರಿರುವುದಕ್ಕೆ ನೀರಿನ ಇದೇ ಹಂಚಿಕೆ ಮುಖ್ಯ ಕಾರಣ. ಪ್ರತಿ ಮನೆಯ ಮುಂದಿನ ದೊಡ್ಡ ಅಂಗಳ ಹವೆಯ ಕೊಡುಗೆ. ಮಲೆನಾಡಿನ ಕೆಂಪಡಿಕೆಯನ್ನು ಎಳೆಯದಾಗಿ ಕೊಯ್ದು ಬೇಯಿಸುತ್ತಾರೆ. ಇಲ್ಲಿನ ಚಾಲಿ ಅಡಿಕೆಗೆ ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಸುಮಾರು 40-45 ದಿನ ಬಿಸಿಲಿಗೆ ಹರಡಬೇಕು. ಚಳಿಗಾಲದಿಂದ ಬೇಸಗೆಯವರೆಗಿನ ಮಳೆಯಿಲ್ಲದ ಬಿಸಿಲು ಇಲ್ಲದಿದ್ದರೆ ಈ ಪದ್ಧತಿಯೇ ಇಲ್ಲ. ಅಕಾಲದ ಒಂದು ಮಳೆ ಬಂದರೆ ಮನೆಮಂದಿಯೆಲ್ಲ ಟರ್ಪಾಲು ಹಿಡಿದು ಅಂಗಳಕ್ಕೆ ಓಡುತ್ತಾರೆ. ಮಳೆಗಾಲದ ಕಂಟಕ ಕೊಳೆರೋಗ. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ರೂಢಿಗೆ ತಂದ ಮೈಲುತುತ್ತು-ಸುಣ್ಣದ ಮದ್ದೇ ಇಂದಿಗೂ ಆಧಾರ. ಎಡೆಬಿಡದ ಮಳೆಯಲ್ಲಿ ಮದ್ದು ಬಿಡಲು ಹೊಳವು ಸಿಗುವುದು, ಮರ ಹತ್ತುವವರು ಸಿಗುವುದು ಎರಡೂ ಒಂದೇ ದಿನ ಕೂಡಿಬರಬೇಕು. ಬೆಲೆಯ ಏರಿಳಿತಕ್ಕೆ ಆಸರೆಯಾಗಿ 1973ರಲ್ಲಿ ಮಂಗಳೂರಿನಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿದಾಗ ಅದರ ಸ್ಥಾಪಕಾಧ್ಯಕ್ಷರಾದ ವಾರಣಾಶಿ ಸುಬ್ರಾಯ ಭಟ್ಟರು ಇದೇ ಗುಡ್ಡಗಾಡಿನ ಅಡ್ಯನಡ್ಕದವರು. ಉತ್ಸವಗಳ ಕ್ಯಾಲೆಂಡರೂ ಮಳೆಯದೇ: ಮೇ ಕೊನೆಯ ವಾರದ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಭೂತಕೋಲಗಳು ನಿಲ್ಲುತ್ತವೆ, ಮಳೆಗಾಲದಲ್ಲಿ ಮಾಡಿನಡಿ ಕೂತು ನಡೆಸುವ ತಾಳಮದ್ದಳೆಗೆ ಬಿಡುವು ಸಿಗುತ್ತದೆ.

ಕಾನೂನು ಕೂಡ ಇಳಿಜಾರನ್ನು ಗಮನಿಸಿತ್ತು. ಕಣಿವೆಯ ತೋಟ, ಗದ್ದೆಗಳಿಗೆ ಬೇಕಾದ ಸೊಪ್ಪು, ಸೌದೆ, ಮೇವು ಸಿಗುವುದು ಮೇಲಿನ ಗುಡ್ಡದಿಂದ. ಸಾಗುವಳಿಯ ವರ್ಗ (ಪಟ್ಟಾ) ಜಮೀನಿನ ಅಂಚಿನಿಂದ 100 ಗಜದೊಳಗಿನ ಸರಕಾರಿ ಭೂಮಿಯಲ್ಲಿ ಇವನ್ನು ತೆಗೆದುಕೊಳ್ಳುವ ಕುಮ್ಕಿ ಹಕ್ಕನ್ನು ದಕ್ಷಿಣ ಕನ್ನಡದ ಕಂದಾಯ ವ್ಯವಸ್ಥೆ ಒಪ್ಪಿತ್ತು. ಕೆಳಗಿನ ಬೇಸಾಯ ಮೇಲಿನ ಗುಡ್ಡವಿಲ್ಲದೆ ನಡೆಯದು ಎಂಬ ಅರಿವು ಈ ಹಕ್ಕಿನಲ್ಲಿದೆ. ಹಕ್ಕಿಲ್ಲದ ಗೇಣಿದಾರರೂ ಕೂಲಿಯವರೂ ಗುಡ್ಡದ ಸೊಪ್ಪಿಗೆ ಜಮೀನ್ದಾರನ ಮರ್ಜಿ ಕಾಯಬೇಕಿತ್ತೆಂಬುದನ್ನೂ ಜತೆಗೇ ಹೇಳಬೇಕು.

ಗುಡ್ಡದ ತಲೆಯಿಂದ ಇಳಿದ ವಿಷ

ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳು ಎದ್ದದ್ದು ಇದೇ ಪದವುಗಳ ಮೇಲೆ. 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕದ ಸಿಂಪಡಣೆ ನಡೆಯಿತು. ಸಮತಟ್ಟು ಬಯಲಿನ ತೋಟಗಳ ಕ್ರಮವನ್ನು ಗುಡ್ಡಗಾಡಿನಲ್ಲಿ ಅನುಸರಿಸಲಾಯಿತು. ಇಲ್ಲಿ ಮೇಲೆ ತೋಟ, ಬದಿಯಲ್ಲಿ ಸುರಂಗ, ಕೆಳಗೆ ಮನೆ, ಬಾವಿ, ತೋಡು. ನೀರು ಇಳಿಯುವ ದಾರಿಯಲ್ಲೇ ಜನ ವಾಸವಾಗಿದ್ದರು. ಪಡ್ರೆಯಲ್ಲಿ ಮಕ್ಕಳ ಅಂಗವೈಕಲ್ಯ, ನರದೋಷಗಳು ಊರವರ, ಸ್ಥಳೀಯ ವೈದ್ಯರ ಗಮನಕ್ಕೆ ಬಂದವು. ಪ್ರತಿಯೊಂದು ಕಾಯಿಲೆಯನ್ನೂ ಒಂದೇ ರಾಸಾಯನಿಕಕ್ಕೆ ಕಟ್ಟಲಾಗದು ಎಂಬ ವೈಜ್ಞಾನಿಕ ಆಕ್ಷೇಪ ಆಗಲೂ ಇತ್ತು, ಈಗಲೂ ಇದೆ. ವ್ಯಕ್ತಿಯೊಬ್ಬರ ಕಾಯಿಲೆಯ ಮಟ್ಟಿಗೆ ಅದನ್ನು ಒಪ್ಪಬಹುದು. ಆದರೆ ಜನವಸತಿಯ, ಕುಡಿಯುವ ನೀರಿನ ನೆತ್ತಿಯ ಮೇಲೆ ಎರಡು ದಶಕಕ್ಕೂ ಮಿಕ್ಕಿ ಆಕಾಶದಿಂದ ವಿಷ ಸುರಿಸಿದ್ದಕ್ಕೆ ಆ ಆಕ್ಷೇಪ ಸಮರ್ಥನೆಯಾಗುವುದಿಲ್ಲ. 2011ರ ಮೇಯಲ್ಲಿ ಸುಪ್ರೀಂ ಕೋರ್ಟು ದೇಶಾದ್ಯಂತ ಎಂಡೋಸಲ್ಫಾನಿನ ತಯಾರಿ, ಮಾರಾಟ, ಬಳಕೆ ತಡೆಯಿತು; 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರಕಾರಕ್ಕೆ ಆದೇಶಿಸಿತು. ಅಂಬಿಕಾಸುತನ್ ಮಾಂಗಾಡ್ ಅವರ ಮಲಯಾಳ ಕಾದಂಬರಿ 'ಎನ್ಮಕಜೆ' ಈ ದುರಂತವನ್ನು ಊರಿನ ಹೆಸರಿನಲ್ಲೇ ಹೊರಗಿನ ಓದುಗರಿಗೆ ಮುಟ್ಟಿಸಿತು.

ಕೊಳವೆಬಾವಿ ಮತ್ತು ಕಲ್ಲುಕೋರೆ

ಕೊಳವೆಬಾವಿ ಬಂದ ಮೇಲೆ ನೆಲದ ಹಂಗು ಹರಿಯಿತು ಎನ್ನುವವರಿದ್ದಾರೆ. ಯಂತ್ರ ಮುರಕಲ್ಲು, ಶೇಡಿ ದಾಟಿ ಕರಿಬಂಡೆಯ ಬಿರುಕಿಗೆ ಇಳಿಯುತ್ತದೆ, ನಿಜ. ಆದರೆ ಆ ಬಿರುಕು ತುಂಬುವುದೂ ಮೇಲಿನ ಪದರದಿಂದಲೇ, ಅದೂ ಬಲು ನಿಧಾನವಾಗಿ. ಸುರಂಗ ಗುಡ್ಡ ತಾನಾಗಿ ಕೊಟ್ಟಷ್ಟನ್ನೇ ಪಡೆಯುತ್ತದೆ. ಪಂಪಿಗೆ ಆ ಮಿತಿ ಇಲ್ಲ. ಕೊಳವೆಬಾವಿಯಿಂದ ಸುರಂಗ ಬತ್ತಿತೆಂಬ ದೂರು ಎಲ್ಲೆಡೆಗೂ ಒಂದೇ ಬಗೆಯಲ್ಲಿ ಅನ್ವಯಿಸದಿರಬಹುದು, ಏಕೆಂದರೆ ಎರಡರ ನೀರಿನ ಪದರಗಳು ಬೇರೆ. ಶೇಡಿ ತೆಳುವಾಗಿರುವಲ್ಲಿ ಮಾತ್ರ ಅದು ನಿಜವಾಗುವ ಸಾಧ್ಯತೆ ಹೆಚ್ಚು.

ಪದವಿನ ಮುರಕಲ್ಲನ್ನೇ ಯಂತ್ರದಿಂದ ಕೊಯ್ದು ಸಾಗಿಸುವ ಕೋರೆಗಳದ್ದು ಇನ್ನೂ ನೇರವಾದ ಪರಿಣಾಮ. ಮನೆ ಕಟ್ಟಲು ಈ ಸೀಮೆಗೆ ಇದಕ್ಕಿಂತ ಒಳ್ಳೆಯ ಕಲ್ಲಿಲ್ಲ: ಕಡಿಯುವಾಗ ಮೆದು, ಗಾಳಿ ಬಿಸಿಲಿಗೆ ಗಟ್ಟಿ. ಕೈಯಲ್ಲಿ ಕಡಿಯುತ್ತಿದ್ದ ಕಾಲದಲ್ಲಿ ಗುಂಡಿಗಳು ಸಣ್ಣವಿದ್ದವು. ಯಂತ್ರದ ಕಾಲದಲ್ಲಿ ಎಕರೆಗಟ್ಟಲೆ ಹೊದಿಕೆ ಏಳುತ್ತದೆ. ಕೋರೆಯ ಗುಂಡಿಯಲ್ಲಿ ಮಳೆನೀರು ನಿಲ್ಲುವುದರಿಂದ ಇಂಗುವಿಕೆಗೆ ಲಾಭವೇ ಎಂಬ ವಾದವನ್ನು ಪೂರ್ತಿ ಅಲ್ಲಗಳೆಯುವಂತಿಲ್ಲ. ತಳದಲ್ಲಿ ಒಂದೆರಡು ಆಳಿನಷ್ಟು ಮುರಕಲ್ಲು ಉಳಿಸಿದ ಹಳೆಯ ಗುಂಡಿ ಒಳ್ಳೆಯ ಇಂಗುಕೆರೆಯಾಗಬಲ್ಲದು. ಶೇಡಿ ಕಾಣುವವರೆಗೆ ಕೊಯ್ದ ಗುಂಡಿಯ ನೀರು ಮಾತ್ರ ಇಂಗುವುದಿಲ್ಲ; ಬಿಳಿಚಿದ ಬಣ್ಣದಲ್ಲಿ ನಿಂತು ಜನವರಿ, ಫೆಬ್ರವರಿಯ ಬಿಸಿಲಿಗೆ ಆರುತ್ತದೆ. ಅದರ ಕೆಳಗಿನ ಬದಿಯಲ್ಲಿ ಸುರಂಗವಿದ್ದರೆ ಅದಕ್ಕೆ ನೀರೂಡುತ್ತಿದ್ದ ಪದರವೇ ಆಗ ಅಲ್ಲಿ ಉಳಿದಿರುವುದಿಲ್ಲ.