ಬೇಸಿಗೆ ಸಮಯ: ಒಂದು ಗಂಟೆಯ ಜಗಳ

ಬೇಸಿಗೆ ಬರುತ್ತಿದ್ದಂತೆ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿ, ಚಳಿಗಾಲದ ಹೊತ್ತಿಗೆ ಮತ್ತೆ ಹಿಂದಕ್ಕೆ ತರುವ ಪದ್ಧತಿಯನ್ನು ಬೇಸಿಗೆ ಸಮಯ ಅಥವಾ ಡೇಲೈಟ್ ಸೇವಿಂಗ್ ಟೈಮ್ ಎನ್ನುತ್ತಾರೆ. ಇದರಿಂದ ಹಗಲು ಒಂದು ಕ್ಷಣವೂ ಹೆಚ್ಚುವುದಿಲ್ಲ. ಬೆಳಗಿನವರ ಬೆಳಕು ಸಂಜೆಯವರ ಪಾಲಾಗುತ್ತದೆ, ಅಷ್ಟೆ. ನೂರು ವರ್ಷ ದಾಟಿದರೂ ಇದರ ತಕರಾರು ಬಗೆಹರಿಯದಿರುವುದಕ್ಕೆ ಕಾರಣವೂ ಅದೇ.

ಈ ಯೋಚನೆ ಹುಟ್ಟಿದ್ದು ಸಂಜೆಯ ಆಸೆಬುರುಕರಿಂದ. ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿ ಅಂಚೆ ಇಲಾಖೆಯ ನೌಕರನಾಗಿದ್ದ ಜಾರ್ಜ್ ಹಡ್ಸನ್‌ಗೆ ಕೀಟ ಸಂಗ್ರಹದ ಹುಚ್ಚು. ಕೆಲಸ ಮುಗಿದ ಮೇಲೂ ಬೆಳಕಿರಲೆಂದು, ಗಡಿಯಾರವನ್ನು ಎರಡು ಗಂಟೆ ಮುಂದಿಡುವ ಸಲಹೆಯನ್ನು ಆತ 1895ರಲ್ಲಿ ಮಂಡಿಸಿದ. ಕೇಳಿದವರು ನಕ್ಕರು. ಇಂಗ್ಲೆಂಡಿನಲ್ಲಿ ಮನೆ ಕಟ್ಟಿಸುವ ಉದ್ಯಮಿ ವಿಲಿಯಂ ವಿಲೆಟ್, ಸೂರ್ಯ ಮೇಲೇರಿದ್ದರೂ ಜನ ಮಲಗಿರುವುದನ್ನು ಕಂಡು ಬೇಸತ್ತು 1907ರಲ್ಲಿ ಕಿರುಹೊತ್ತಗೆಯೊಂದನ್ನು ಅಚ್ಚು ಹಾಕಿಸಿದ. ಏಪ್ರಿಲ್‌ನ ನಾಲ್ಕು ಭಾನುವಾರಗಳಲ್ಲಿ 20 ನಿಮಿಷದಂತೆ ಗಡಿಯಾರವನ್ನು ಮುಂದೂಡಬೇಕೆಂಬುದು ಅವನ ಲೆಕ್ಕ. ವಿನ್‌ಸ್ಟನ್ ಚರ್ಚಿಲ್ ಬೆಂಬಲಿಸಿದರೂ ಸಂಸತ್ತು ಒಪ್ಪಲಿಲ್ಲ. ವಿಲೆಟ್ 1915ರಲ್ಲಿ ತೀರಿಕೊಂಡ. ಮರುವರ್ಷವೇ, 1916ರ ಏಪ್ರಿಲ್ 30ರಂದು, ಕಲ್ಲಿದ್ದಲು ಉಳಿಸಲು ಯುದ್ಧನಿರತ ಜರ್ಮನಿ ಮತ್ತು ಆಸ್ಟ್ರಿಯಾ-ಹಂಗೇರಿ ಗಡಿಯಾರ ತಿರುಗಿಸಿದವು. ಮೂರು ವಾರದಲ್ಲಿ ಬ್ರಿಟನ್ನೂ ಹಿಂಬಾಲಿಸಿತು.

ರೈತರಿಗಾಗಿ ಈ ಪದ್ಧತಿ ಬಂತೆಂದು ಇಂದಿಗೂ ಹಲವರು ನಂಬಿದ್ದಾರೆ. ನಡೆದದ್ದು ಉಲ್ಟಾ. ಅಮೆರಿಕದಲ್ಲಿ 1918ರಲ್ಲಿ ಕಾನೂನು ಬಂದಾಗ ಮೊದಲು ಸಿಡಿದೆದ್ದವರೇ ಅವರು. ಹುಲ್ಲಿನ ಮೇಲಿನ ಇಬ್ಬನಿ ಸರ್ಕಾರಿ ಗಡಿಯಾರ ನೋಡಿ ಆರುವುದಿಲ್ಲ. ಆಳುಗಳು ಮಾತ್ರ ಗಂಟೆ ಹೊಡೆಯುತ್ತಿದ್ದಂತೆ ಮನೆಗೆ ಹೊರಡುತ್ತಾರೆ. ಅಧ್ಯಕ್ಷ ವಿಲ್ಸನ್ ಅವರ ವಿಟೊವನ್ನೂ ಮೀರಿ 1919ರಲ್ಲಿ ಕಾಂಗ್ರೆಸ್ ಅದನ್ನು ರದ್ದು ಮಾಡಿತು. ನ್ಯೂಯಾರ್ಕ್‌ನಂಥ ನಗರಗಳು ಬಿಡಲಿಲ್ಲ. ಮುಂದೆ ಊರೂರಿಗೂ ಒಂದೊಂದು ಸಮಯವಾಗಿ, ಒಹಾಯೊದ ಸ್ಟೂಬನ್‌ವಿಲ್‌ನಿಂದ ವೆಸ್ಟ್ ವರ್ಜೀನಿಯಾದ ಮೌಂಡ್ಸ್‌ವಿಲ್‌ಗೆ 35 ಮೈಲಿಯ ಬಸ್ ಪ್ರಯಾಣದಲ್ಲಿ ಏಳು ಸಲ ಕೈಗಡಿಯಾರ ಸರಿಮಾಡಿಕೊಳ್ಳಬೇಕಾದ ಕಾಲವೂ ಬಂತು. 1966ರ ಕಾಯ್ದೆ ಈ ಗೊಂದಲಕ್ಕೆ ತಡೆ ಹಾಕಿತು. ಆದರೂ ಮರುಭೂಮಿಯ ಅರಿಜೋನಾ ಹೊರಗುಳಿಯಿತು: ಸುಡುವ ಬಿಸಿಲು ಇನ್ನೊಂದು ಗಂಟೆ ಯಾರಿಗೆ ಬೇಕು? ಆ ರಾಜ್ಯದೊಳಗಿನ ನವಾಹೊ ಪ್ರದೇಶ ಗಡಿಯಾರ ಬದಲಿಸುತ್ತದೆ, ಅದರ ನಡುವೆ ಇರುವ ಹೋಪಿ ಪ್ರದೇಶ ಬದಲಿಸುವುದಿಲ್ಲ.

ಜನರ ಮನಸ್ಸು ಎಷ್ಟು ಬೇಗ ತಿರುಗುತ್ತದೆಂಬುದಕ್ಕೆ 1974ರಷ್ಟು ಒಳ್ಳೆಯ ಸಾಕ್ಷಿ ಸಿಗದು. ತೈಲ ಬಿಕ್ಕಟ್ಟಿನ ನಡುವೆ ಅಮೆರಿಕ ಜನವರಿ 6ರಿಂದ ಚಳಿಗಾಲದಲ್ಲೂ ಬೇಸಿಗೆ ಸಮಯವನ್ನೇ ಜಾರಿಗೊಳಿಸಿತು. ಹಿಂದಿನ ಡಿಸೆಂಬರ್‌ನಲ್ಲಿ ಶೇ. 79 ಮಂದಿ ಇದಕ್ಕೆ ಒಪ್ಪಿದ್ದರು. ಮಕ್ಕಳು ಕತ್ತಲಲ್ಲಿ ಟಾರ್ಚ್ ಹಿಡಿದು ಶಾಲೆಗೆ ಹೊರಟರು. ಫ್ಲಾರಿಡಾದಲ್ಲಿ ಕೆಲವು ಮಕ್ಕಳು ವಾಹನಕ್ಕೆ ಸಿಕ್ಕಿ ಸತ್ತರು. ಫೆಬ್ರವರಿ ಹೊತ್ತಿಗೆ ಬೆಂಬಲ ಶೇ. 42ಕ್ಕೆ ಕುಸಿದಿತ್ತು. ಎರಡು ವರ್ಷದ ಪ್ರಯೋಗವೆಂದು ಆರಂಭವಾದದ್ದು ಅಕ್ಟೋಬರ್‌ಗೇ ಕೈಬಿಟ್ಟು ಹೋಯಿತು. ಬ್ರಿಟನ್ ಇದೇ ಪಾಠವನ್ನು 1968ರಿಂದ 1971ರವರೆಗೆ, ಸ್ಕಾಟ್ಲೆಂಡಿನವರ ಬೈಗುಳ ತಿನ್ನುತ್ತ ಕಲಿತಿತ್ತು. ರಷ್ಯಾ 2011ರಲ್ಲಿ ಶಾಶ್ವತ ಬೇಸಿಗೆ ಸಮಯಕ್ಕೆ ಹೋಗಿ, 2014ರಲ್ಲಿ ಚಳಿಗಾಲದ ಸಮಯಕ್ಕೆ ಮರಳಿತು.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ 1992ರ ಜನಮತಗಣನೆ ಊರು–ಹಳ್ಳಿಗಳ ಬಿರುಕನ್ನು ಬಯಲಿಗೆಳೆಯಿತು. ಬ್ರಿಸ್ಬೇನ್ ಸುತ್ತಲಿನವರು ಬೇಕೆಂದರು. ಉತ್ತರದ ಉಷ್ಣವಲಯ ಮತ್ತು ಒಳನಾಡಿನವರು ಬೇಡವೆಂದರು. ಶೇ. 54ಕ್ಕೂ ಹೆಚ್ಚು ಮತ ವಿರುದ್ಧ ಬಿತ್ತು. ಹೆಚ್ಚುವರಿ ಬಿಸಿಲಿಗೆ ಕಿಟಕಿ ಪರದೆಗಳ ಬಣ್ಣ ಹೋಗುತ್ತದೆಂದು ಹಳ್ಳಿಯವರು ದೂರಿದರಂತೆ ಎಂಬ ಜೋಕನ್ನು ನಗರದವರು ಇನ್ನೂ ಬಿಟ್ಟಿಲ್ಲ.

ಇಂಧನ ಉಳಿತಾಯದ ವಾದವೂ ಈಗ ಸೊರಗಿದೆ. 2006ರಲ್ಲಿ ಇಂಡಿಯಾನಾ ರಾಜ್ಯ ಪೂರ್ತಿಯಾಗಿ ಈ ಪದ್ಧತಿಗೆ ಬಂದಾಗ ಮನೆಗಳ ವಿದ್ಯುತ್ ಬಳಕೆ ಸುಮಾರು ಶೇ. 1ರಷ್ಟು ಏರಿತು: ದೀಪದಲ್ಲಿ ಉಳಿದದ್ದನ್ನು ಏಸಿ ನುಂಗಿತ್ತು. ಗಡಿಯಾರ ಮುಂದಿಟ್ಟ ಮೊದಲ ವಾರ ಹೃದಯಾಘಾತ ಸುಮಾರು ಶೇ. 5 ಹೆಚ್ಚುತ್ತದೆಂದು ಸ್ವೀಡನ್‌ನ ಅಧ್ಯಯನವೊಂದು 2008ರಲ್ಲಿ ತೋರಿಸಿತು.

ಐರೋಪ್ಯ ಒಕ್ಕೂಟ 2018ರಲ್ಲಿ ಅಭಿಪ್ರಾಯ ಕೇಳಿದಾಗ 46 ಲಕ್ಷ ಉತ್ತರಗಳು ಬಂದವು, ಸುಮಾರು 30 ಲಕ್ಷ ಜರ್ಮನಿಯೊಂದರಿಂದಲೇ. ಶೇ. 84 ಮಂದಿ ಗಡಿಯಾರ ತಿರುಗಿಸುವುದು ಸಾಕೆಂದರು. ಮರುವರ್ಷ ಐರೋಪ್ಯ ಸಂಸತ್ತೂ 410–192 ಮತಗಳಿಂದ ಒಪ್ಪಿತು. ಹಾಗಾದರೆ ಯಾವ ಸಮಯದಲ್ಲಿ ನಿಲ್ಲುವುದು ಎಂಬಲ್ಲಿಗೆ ಬಂದಾಗ ಸದಸ್ಯ ದೇಶಗಳಲ್ಲಿ ಒಮ್ಮತ ಮೂಡಲಿಲ್ಲ.

ಭಾರತ ಎರಡನೇ ಮಹಾಯುದ್ಧದ ವೇಳೆ, 1942ರಿಂದ 1945ರವರೆಗೆ, ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿತ್ತು. ಈಗ ಆ ಗೊಡವೆಗೆ ಹೋಗುವುದಿಲ್ಲ. ಆದರೂ ಬೆಂಗಳೂರಿನ ಐಟಿ ನೌಕರರಿಗೆ ಇದರ ಬಿಸಿ ತಟ್ಟುತ್ತದೆ. ನ್ಯೂಯಾರ್ಕ್‌ನ ಬೆಳಗಿನ ಒಂಬತ್ತರ ಮೀಟಿಂಗ್ ಚಳಿಗಾಲದಲ್ಲಿ ಇಲ್ಲಿ ಸಂಜೆ ಏಳೂವರೆಗೆ, ಬೇಸಿಗೆಯಲ್ಲಿ ಆರೂವರೆಗೆ. ಅಮೆರಿಕ ಮಾರ್ಚ್‌ನ ಎರಡನೇ ಭಾನುವಾರ ಬದಲಾಗುತ್ತದೆ, ಯುರೋಪ್ ಕೊನೆಯ ಭಾನುವಾರ. ನಡುವಿನ ಎರಡು-ಮೂರು ವಾರ ಲಂಡನ್ ಮತ್ತು ನ್ಯೂಯಾರ್ಕ್ ಎರಡನ್ನೂ ಒಂದೇ ಕರೆಯಲ್ಲಿ ಕೂಡಿಸಬೇಕಾದವರು ಕ್ಯಾಲೆಂಡರನ್ನು ಹೊಸದಾಗಿ ಹೊಂದಿಸಿಕೊಳ್ಳುತ್ತಾರೆ.